ಪಕ್ಕೆಲುಬು ಮೆತ್ತಗಾಗೋದು ಹೆಂಗ? ಗದಗಿನ ಗ್ಯಾಸ್ ಒಲಿ ಮ್ಯಾಲೆ ಬಾರ್ಬೆಕ್ಯೂ

ಪಾಡ್‌ಕಾಸ್ಟ್‌ನ ಈ ಸಂಚಿಕೆಯ ಬರಹ ರೂಪ ಇಲ್ಲಿದೆ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತುಸು ತಿದ್ದಿದ್ದೇವೆ. ಮಾತಿನ ಧಾಟಿ ಹಾಗೇ ಉಳಿದಿದೆ.

 

ಹೋದ ಡಿಸೆಂಬರ್ 31ರ ರಾತ್ರಿ ಬೆಟಗೇರಿಯ ನಮ್ಮ ಕಾಕಾನ ಮನಿ ಮಾಳಿಗಿ ಮ್ಯಾಲೆ ನಾವು ಆರು ಮಂದಿ ಸೇರಿದ್ವಿ. ಕಾಕಾನ ಮಗ ಮೊಬೈಲಿನ್ಯಾಗ ಒಂದು ರೀಲ್ ತೋರಿಸಿದ. ಅಮೆರಿಕದವನೊಬ್ಬ ಪಕ್ಕೆಲುಬಿನ ಉದ್ದನೆ ಪಟ್ಟಿಯನ್ನು ಕೆಂಡದ ಮೇಲಿಂದ ಎತ್ತುತ್ತಾನೆ. ಅದರ ಮೇಲೆ ಕೆಂಪು ಸಾಸ್ ಮಿರಮಿರ ಮಿಂಚುತ್ತಿದೆ. ಎರಡು ಬೆರಳಲ್ಲಿ ಎಲುಬು ಹಿಡಿದು ಎಳೆದರೆ ಮಾಂಸ ತಾನೇ ಕಳಚಿಕೊಳ್ಳುತ್ತದೆ. ಎಲ್ಲ ಸೇರಿ 30 ಸೆಕೆಂಡಿನ ವಿಡಿಯೊ. "ಇಷ್ಟ ಅಲ್ಲೇನು? ನಾವೂ ಮಾಡೂಣು" ಅಂದ್ವಿ. ಎರಡು ಕಿಲೋ ಪಕ್ಕೆಲುಬು ತಂದ್ವಿ. ಉಪ್ಪು, ಖಾರ, ಮೊಸರು ಹಚ್ಚಿ ಅರ್ಧ ತಾಸು ಇಟ್ವಿ. ಶೇಗಡಿ ಹೊತ್ತಿಸಿ, ಮೇಲೆ ಕಬ್ಬಿಣದ ಜಾಳಿಗೆ ಇಟ್ಟು ಸುಟ್ವಿ.

ಇಪ್ಪತ್ತು ನಿಮಿಷಕ್ಕ ಹೊರಗ ಕರ್ರಗ, ಒಳಗ ಸೈಕಲ್ ಟ್ಯೂಬ್! ಹಲ್ಲಿಗೆ ಸಿಕ್ಕಿದ್ದು ನುಂಗಾಕ ಬರವಲ್ದು, ಉಗುಳಾಕ ಮನಸ್ಸು ಬರವಲ್ದು. ಕಿಲೋ ಮಟನ್ 700 ರೂಪಾಯಿ ದಾಟಿರೋ ಕಾಲದಾಗ ಎರಡು ಕಿಲೋ ಹಾಳಾತಲ್ಲ ಅಂತ ಹೊಟ್ಟಿ ಉರೀತು. ಕಡೀಕ ಅಜ್ಜಿ ಮಾಳಿಗಿ ಹತ್ತಿ ಬಂದ್ಲು. ಏನೂ ಅನ್ನಲಿಲ್ಲ. ಎಲ್ಲಾನೂ ಬೋಗಾಣಿಗೆ ಹಾಕ್ಕೊಂಡು ಕೆಳಗ ಒಯ್ದು, ಕುಕ್ಕರಿಗೆ ಹಾಕಿ, ರಸ್ಸಾ ಮಾಡಿ 11.30ಕ್ಕೆ ರೊಟ್ಟಿ ಜೋಡಿ ಬಡಿಸಿದ್ಲು. ಅದೇ ಮಾಂಸ, ಮೆತ್ತಗ ಆಗಿತ್ತು.

ನಮ್ಮ ಕೈಯಲ್ಲಿ ಯಾಕೆ ಆಗಲಿಲ್ಲ, ಅಜ್ಜಿ ಕೈಯಲ್ಲಿ ಯಾಕೆ ಆಯಿತು? ಇವತ್ತಿನ ಸಂಚಿಕೆ ಪೂರ್ತಿ ಇದರ ಮೇಲೇ. ಓವನ್ ಇಲ್ಲದ, ದೊಡ್ಡ ಬಾರ್ಬೆಕ್ಯೂ ಡಬ್ಬಿ ಇಲ್ಲದ ಮನೆಯಲ್ಲಿ ಆ ರೀಲಿನಂಥದ್ದನ್ನು ಮಾಡಬಹುದಾ? ಮಾಡಬಹುದು. ನಾನು ಆಮೇಲೆ ಮೂರು ಸಲ ಮಾಡಿ ನೋಡಿದೆ. ಒಂದು ಸಲ ಕೆಟ್ಟಿತು, ಎರಡು ಸಲ ಚಲೋ ಬಂತು.

ಮೊದಲು ಆ ರೀಲಿನ ಮೋಸದ ಬಗ್ಗೆ ಹೇಳಿಬಿಡ್ತೀನಿ. ಮೋಸ ಅಂದ್ರ ಸುಳ್ಳು ಅಲ್ಲ, ಅರ್ಧ ಸತ್ಯ. ನಾವು ಕೆಂಡದ ಮೇಲೆ ಸುಡೋದಕ್ಕೆಲ್ಲ ಬಾರ್ಬೆಕ್ಯೂ ಅಂದುಬಿಡ್ತೀವಿ. ಅಮೆರಿಕದಲ್ಲಿ ನೇರ ಉರಿಯ ಮೇಲೆ ಬೇಗ ಸುಡುವುದಕ್ಕೆ ಗ್ರಿಲ್ ಅನ್ನುತ್ತಾರೆ. ಬಾರ್ಬೆಕ್ಯೂ ಅಂದರೆ ಬೆಂಕಿ ಒಂದು ಕಡೆ, ಮಾಂಸ ಇನ್ನೊಂದು ಕಡೆ. ಮುಚ್ಚಿದ ಡಬ್ಬಿಯೊಳಗೆ ಬರೀ ಬಿಸಿ ಗಾಳಿ ಮತ್ತು ಹೊಗೆ. ಶಾಖ ಸುಮಾರು 110ರಿಂದ 120 ಡಿಗ್ರಿ ಸೆಲ್ಸಿಯಸ್. ಹಂದಿಯ ಪಕ್ಕೆಲುಬು ಅದರೊಳಗೆ ಐದಾರು ತಾಸು ಇರುತ್ತದೆ. ಸಾಸ್ ಹಚ್ಚಿ ಕೆಂಡದ ಮೇಲೆ ತಿರುವಿ ಹಾಕೋದು ಕೊನೆಯ ಕೆಲಸ. ರೀಲಿನಲ್ಲಿ ನಾವು ನೋಡಿದ್ದು ಆ ಕೊನೆಯ ಐದು ನಿಮಿಷ. ಹಿಂದಿನ ಐದು ತಾಸು ಯಾರೂ ತೋರಿಸಲ್ಲ, ತೋರಿಸಿದ್ರೂ ನಾವು ಸ್ಕ್ರೋಲ್ ಮಾಡ್ತೀವಿ.

ಉಸಿರಾಡುವ ಮಾಂಸ

ಈಗ ನಿಮ್ಮ ಪಕ್ಕಡಿ ಮೇಲೆ ಕೈ ಇಟ್ಟು ಒಂದು ಸಲ ಉಸಿರು ಎಳೀರಿ. ಎಲುಬು ಮೇಲೆ ಏಳುತ್ತೆ, ಕೆಳಗೆ ಇಳಿಯುತ್ತೆ. ಎರಡು ಎಲುಬಿನ ನಡುವಿನ ಮಾಂಸವೇ ಈ ಕೆಲಸ ಮಾಡುವುದು. ಆಡಿಗೂ ಕುರಿಗೂ ಹೀಗೇ, 13 ಜೋಡಿ ಪಕ್ಕೆಲುಬು. ಹುಟ್ಟಿದಾಗಿನಿಂದ ಕೊನೆಯವರೆಗೆ, ಮಲಗಿದಾಗಲೂ ಬಿಡುವಿಲ್ಲದೆ ದುಡಿಯುವ ಸ್ನಾಯು ಅದು. ದುಡಿಯುವ ಸ್ನಾಯುವಿನ ಎಳೆಗಳನ್ನು ಕಟ್ಟಿ ಹಿಡಿಯಲು ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನಿನ ಜಾಲ ಇರುತ್ತದೆ. ಹಗ್ಗ ಅಂದುಕೊಳ್ಳಿ. ಬೆನ್ನಿನ ಒಳಭಾಗದ ಮಾಂಸದಲ್ಲಿ ಈ ಹಗ್ಗ ಕಡಿಮೆ. ಪಕ್ಕೆ, ಎದೆ, ಕಾಲಿನ ಕೆಳಭಾಗದಲ್ಲಿ ಹೆಚ್ಚು.

ಅದರ ಮೇಲೆ ನಮ್ಮ ಕಡೆ ಆಡು, ಕುರಿ ಕಟ್ಟಿ ಹಾಕಿ ಕೊಬ್ಬಿಸಿದವಲ್ಲ. ಸುಗ್ಗಿ ಮುಗಿದ ಮೇಲೆ ಮುಂಡರಗಿ, ಶಿರಹಟ್ಟಿ ಕಡೆಯ ಎರಿ ಹೊಲದಾಗ ಕುರಿ ಹಿಂಡು ತರುಬಿದ್ದನ್ನು ನೋಡೇ ಇರ್ತೀರಿ. ದಿನಾ ಮೈಲಿಗಟ್ಟಲೆ ನಡೆದು ಮೇಯುವ ಪ್ರಾಣಿ ಅವು. ರುಚಿ ಬರೋದು ಅದರಿಂದಲೇ, ಗಟ್ಟಿ ಆಗೋದೂ ಅದರಿಂದಲೇ. ರೀಲಿನಲ್ಲಿ ಇದ್ದದ್ದು ಕೊಟ್ಟಿಗೆಯಲ್ಲಿ ಬೆಳೆದ, ಮೈತುಂಬ ಕೊಬ್ಬಿದ್ದ ಎಳೆಯ ಹಂದಿ. ಅದಕ್ಕೂ ಐದಾರು ತಾಸು ಬೇಕು. ನಾವು ಕಪ್ಪತಗುಡ್ಡದ ಕಡೆ ಮೇಯ್ದು ಬಂದ ಹೋತಕ್ಕ ಇಪ್ಪತ್ತು ನಿಮಿಷ ಕೊಟ್ಟಿದ್ವಿ!

ಬೆಂಕಿ ತಾಗಿದಾಗ ಒಳಗೆ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ, ಎರಡೂ ಒಂದಕ್ಕೊಂದು ಉಲ್ಟಾ. ಒಳಗಿನ ಶಾಖ 60 ಡಿಗ್ರಿ ದಾಟುತ್ತಿದ್ದಂತೆ ಮಾಂಸದ ಎಳೆಗಳು ಕುಗ್ಗುತ್ತವೆ, ಒದ್ದೆ ಬಟ್ಟೆ ಹಿಂಡಿದಂತೆ ನೀರು ಹೊರಗೆ ಬರುತ್ತದೆ, ಮಾಂಸ ಗಟ್ಟಿಯಾಗುತ್ತದೆ. ಇದು ನಿಮಿಷಗಳ ಕೆಲಸ. ಅದೇ ಹೊತ್ತಿಗೆ ಕೊಲಾಜೆನ್ ಹಗ್ಗವೂ ಮೊದಲು ಬಿಗಿಯುತ್ತದೆ. ಆಮೇಲೆ, 70 ಡಿಗ್ರಿಯ ಮೇಲೆ, ತೇವ ಇದ್ದರೆ, ನಿಧಾನಕ್ಕೆ ಕರಗಿ ಜೆಲಾಟಿನ್ ಆಗುತ್ತದೆ. ಇದು ತಾಸುಗಳ ಕೆಲಸ. ಹಗ್ಗ ಕರಗಿದರೆ ಎಳೆಗಳು ಬಿಡಿಬಿಡಿಯಾಗಿ ಕಳಚುತ್ತವೆ, ಜೆಲಾಟಿನ್ ಅವುಗಳ ನಡುವೆ ಎಣ್ಣೆಯಂತೆ ನಿಂತು ನಾಲಿಗೆಗೆ ಮೆತ್ತಗೆ ಅನ್ನಿಸುತ್ತದೆ. ನಾವು ಮಾಳಿಗಿ ಮೇಲೆ ಮೊದಲನೆಯ ಕೆಲಸ ಪೂರ್ತಿ ಮಾಡಿ, ಎರಡನೆಯದು ಶುರುವಾಗೋ ಮೊದಲೇ ತಿನ್ನಾಕ ಕುಂತಿದ್ವಿ. ಇನ್ನೊಂದು ಅರ್ಧ ತಾಸು ಕೆಂಡದ ಮೇಲೇ ಬಿಟ್ಟಿದ್ದರೂ ಆಗ್ತಿರಲಿಲ್ಲ, ಅಷ್ಟರಲ್ಲಿ ನೀರೆಲ್ಲ ಒಣಗಿ ಇದ್ದಲಿ ಆಗ್ತಿತ್ತು.

ಜೆಲಾಟಿನ್ ನಿಮಗೆ ಹೊಸದೇನಲ್ಲ. ಕಾಲ್ ಸೂಪ್ ಕುಡಿದ ಮೇಲೆ ತುಟಿ ಅಂಟಂಟು ಆಗ್ತದಲ್ಲ, ಅದೇ ಇದು. ಮಟನ್ ರಸ್ಸಾ ಫ್ರಿಜ್ಜಿನಲ್ಲಿ ಇಟ್ಟರೆ ಬೆಳಗ್ಗೆ ಜೆಲ್ಲಿ ಹಂಗ ಅಲುಗಾಡ್ತದಲ್ಲ, ಅದೂ ಇದೇ.

ಹಾಗಾಗಿ ಅಜ್ಜಿಗೆ ಗೊತ್ತಿದ್ದದ್ದು ಒಂದು: ಎಲುಬಿನ ಮಾಂಸಕ್ಕೆ ಉರಿಗಿಂತ ಹೊತ್ತು ಮುಖ್ಯ. ಹಳೆ ಮನೆಗಳಲ್ಲಿ ಕಟ್ಟಿಗೆ ಒಲೆ ಆರುವ ಹೊತ್ತಿಗೆ ಗಡಿಗೆಯನ್ನು ಬೂದಿ-ಕೆಂಡದ ಮೇಲೆ ಹಾಗೇ ಬಿಟ್ಟು ಹೊಲಕ್ಕೆ ಹೋಗ್ತಿದ್ದರಲ್ಲ, ಅಮೆರಿಕದವರು ಸಾವಿರಾರು ಡಾಲರ್ ಕೊಟ್ಟು ಡಬ್ಬಿ ತಂದು ಮಾಡೋದೂ ಹೆಚ್ಚುಕಡಿಮೆ ಅದನ್ನೇ. ಬೆಟಗೇರಿ ಅಂದ್ರ ಮಗ್ಗ, ಮಗ್ಗದ ಜೋಡಿ ಸಾವಜಿ ಊಟ. ಸಾವಜಿ ಅಂದರೆ ಎಸ್‌ಎಸ್‌ಕೆ, ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರು. ಗದಗ-ಬೆಟಗೇರಿ, ಹುಬ್ಬಳ್ಳಿಯ ಸಾವಜಿ ಖಾನಾವಳಿಗೆ ಹೋದವರು ಖಾರದ ಬಗ್ಗೆಯೇ ಮಾತಾಡ್ತಾರೆ, ಬೆವರು ಒರೆಸಿಕೊಂಡ ಕಥೆ ಹೇಳ್ತಾರೆ. ನನ್ನ ಕೇಳಿದ್ರ ಅಲ್ಲಿನ ಮಟನ್‌ನ ದೊಡ್ಡ ಗುಣ ಖಾರ ಅಲ್ಲ, ಎಲುಬಿನಿಂದ ಮಾಂಸ ಬಿಡುವ ಹದ.

ಸುಡುವುದೂ ನಮಗೆ ಹೊಸದಲ್ಲ. ಇವತ್ತಿನ ಲಕ್ಷ್ಮೇಶ್ವರ ಹಿಂದೆ ಪುಲಿಗೆರೆ. ಕಲ್ಯಾಣದ ಚಾಲುಕ್ಯರ ರಾಜ್ಯದೊಳಗಿತ್ತು. ಅದೇ ವಂಶದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದ. ಅದರಲ್ಲಿ ಊಟಕ್ಕೇ ಒಂದು ಭಾಗ ಇದೆ. ಮಾಂಸಕ್ಕೆ ಮಸಾಲೆ ಹಚ್ಚಿ, ಕಂಬಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ಬಗೆಯನ್ನೂ ರಾಜ ಬರೆದಿಟ್ಟಿದ್ದಾನೆ. ಬಾರ್ಬೆಕ್ಯೂ ಅನ್ನೋ ಶಬ್ದ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಿಂದ ಸ್ಪ್ಯಾನಿಷ್‌ಗೆ ಹೋಗಿ, ಅಲ್ಲಿಂದ ಇಂಗ್ಲಿಷ್‌ಗೆ ಬಂದದ್ದು. ಶಬ್ದ ಅಷ್ಟ ಹೊರಗಿಂದು.

ಅಂಗಡಿಯಲ್ಲಿ ಏನು ಕೇಳಬೇಕು

ಇಲ್ಲಿ ಅರ್ಧ ಅಡುಗೆ ಮುಗಿಯುತ್ತೆ, ಸ್ವಲ್ಪ ನಿಧಾನಕ್ಕೆ ಕೇಳ್ರಿ. ಕೆಲವು ಅಂಗಡಿಯಲ್ಲಿ ಚಾಪ್ ಅಂದರೆ ತಿಳಿಯುತ್ತೆ, ಎದೆಯ ಕಡೆಯ ತುದಿಗೆ ಸೀನಾ ಅಂತಾರೆ. ಹೆಸರು ಗೊತ್ತಾಗದಿದ್ರ ನಾಚಿಕಿ ಬ್ಯಾಡ, ನಿಮ್ಮ ಪಕ್ಕಡಿ ಮುಟ್ಟಿ ತೋರಿಸ್ರಿ. ನಾನು ಹಂಗ ಮಾಡಿದ್ದೆ, ಅಂಗಡಿಯವರು ನಕ್ಕರು, ಆದ್ರ ಸರಿಯಾದದ್ದೇ ಕೊಟ್ಟರು.

ಮುಖ್ಯವಾದದ್ದು ಕತ್ತಿ ಎತ್ತುವ ಮೊದಲೇ ಹೇಳಬೇಕು: "ಸಣ್ಣ ತುಂಡು ಮಾಡಬ್ಯಾಡ್ರಿ. ನಾಲ್ಕೈದು ಎಲುಬು ಸೇರಿ ಒಂದು ಪಟ್ಟಿ ಹಂಗ ಬಿಡ್ರಿ." ಅವರ ಕೈ ರೂಢಿಯ ಮೇಲೆ ಓಡುತ್ತೆ. ನೀವು ಫೋನ್ ನೋಡುತ್ತ ನಿಂತರೆ ಎರಡು ನಿಮಿಷದಲ್ಲಿ ರಸ್ಸಾದ ಗಾತ್ರಕ್ಕೆ ಕೊಚ್ಚಿ ಚೀಲಕ್ಕೆ ಹಾಕಿರ್ತಾರೆ. ಪಟ್ಟಿ ಯಾಕೆ ಬೇಕು? ಸಣ್ಣ ತುಂಡು ಕೆಂಡದ ಮೇಲೆ ಬೇಗ ಒಣಗುತ್ತೆ. ಮಾಂಸ ಎಲುಬಿಗೆ ಅಂಟಿಕೊಂಡೇ ಇದ್ದರೆ ಅದಕ್ಕೆ ಕುಗ್ಗಲು ಜಾಗ ಸಿಗಲ್ಲ.

ಎಳೆಯ ಪ್ರಾಣಿಯದೇ ಬೇಕು ಅಂತ ಕೇಳ್ರಿ. ಮಾಂಸ ತಿಳಿಗೆಂಪು, ಎಲುಬು ಸಣ್ಣದು ಇದ್ದರೆ ಎಳೆಯದು. ಕಡುಗೆಂಪು ಮಾಂಸ, ದಪ್ಪ ಎಲುಬು ಇದ್ದರೆ ವಯಸ್ಸಾದದ್ದು. ಅದೂ ಬೇಯುತ್ತೆ, ಹೊತ್ತು ಜಾಸ್ತಿ ಬೇಕು, ಅಷ್ಟೇ. ಪಟ್ಟಿಯ ಒಳಬದಿಯಲ್ಲಿ, ಎಲುಬಿನ ಮೇಲೆ, ಪ್ಲಾಸ್ಟಿಕ್ ಹಾಳೆಯಂಥ ತೆಳು ಪೊರೆ ಇರುತ್ತೆ. ಒಂದು ಮೂಲೆಯಲ್ಲಿ ಚಾಕುವಿನ ತುದಿಯಿಂದ ಎಬ್ಬಿಸಿ, ಒಣ ಬಟ್ಟೆಯಲ್ಲಿ ಹಿಡಿದು ಎಳೀರಿ. ಎಳೆಯ ಆಡಿನದು ಹರಿದು ಹರಿದು ಬರುತ್ತೆ. ಬರದಿದ್ರ ಅದರ ಮೇಲೆ ಅಡ್ಡಡ್ಡ ಗೀರು ಹಾಕಿ ಬಿಟ್ಟುಬಿಡ್ರಿ. ಪೊರೆ ಹಾಗೇ ಇದ್ದರೆ ಉಪ್ಪು-ಮಸಾಲೆ ಆ ಕಡೆಯಿಂದ ಇಳಿಯೋದಿಲ್ಲ.

ಇನ್ನು ಯಾವ ದಿನ ತರಬೇಕು ಅನ್ನೋದು. ನಮ್ಮಲ್ಲಿ ರವಿವಾರ ಬೆಳಗ್ಗೆ ಬಿಸಿಬಿಸಿ ಕಡಿದದ್ದು ತಂದು ಮಧ್ಯಾಹ್ನಕ್ಕೇ ಉಂಡರೆ ತಾಜಾ ಅಂತ ಸಮಾಧಾನ. ಕುಕ್ಕರ್ ರಸ್ಸಾಕ್ಕೆ ಅದು ಸರಿ. ಸುಡುವುದಕ್ಕೆ ಸರಿಯಿಲ್ಲ. ಪ್ರಾಣಿಯನ್ನು ಕಡಿದ ಕೆಲವು ತಾಸಿಗೆ ಅದರ ಸ್ನಾಯು ಸೆಟೆದುಕೊಳ್ಳುತ್ತದೆ. ತಂಪಿನಲ್ಲಿ ಸುಮಾರು ಒಂದು ದಿನ ಕಳೆದ ಮೇಲೆ ಮಾಂಸದೊಳಗಿನ ಕಿಣ್ವಗಳೇ ಆ ಬಿಗಿತವನ್ನು ಸಡಿಲಿಸುತ್ತ ಬರುತ್ತವೆ. ಅದಕ್ಕ ಶನಿವಾರ ತಂದು, ಉಪ್ಪು ಸವರಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಮುಚ್ಚಿ ಇಡ್ರಿ, ರವಿವಾರ ಮಾಡ್ರಿ. ಫ್ರೀಜರ್ ಒಳಗೆ ಹಾಕಬ್ಯಾಡ್ರಿ. ಸೆಟೆದುಕೊಳ್ಳುವ ಮೊದಲೇ ಗಡ್ಡೆ ಕಟ್ಟಿದ ಮಾಂಸ ಕರಗುವಾಗ ಇನ್ನೂ ಜೋರಾಗಿ ಕುಗ್ಗುತ್ತೆ. ನಾನು ಕೆಡಿಸಿದೆ ಅಂದೆನಲ್ಲ, ಅದು ಹೀಗೇ ಕೆಟ್ಟದ್ದು.

ಉಪ್ಪು ಎಷ್ಟು? ಎಲುಬು ಸೇರಿ ಒಂದು ಕಿಲೋಕ್ಕೆ ಚಹಾ ಚಮಚದಲ್ಲಿ ಎರಡು ಚಮಚ, ತಲೆ ಸಮ ಮಾಡಿ, ಅಂದರೆ ಸುಮಾರು 12 ಗ್ರಾಂ ಪುಡಿ ಉಪ್ಪು. ರಾತ್ರಿಯಿಡೀ ಬಿಟ್ಟರೆ ಉಪ್ಪು ಒಳಗೆ ಇಳಿಯುತ್ತೆ, ಬೇಯುವಾಗ ನೀರು ಹೊರಗೆ ಹೋಗುವುದನ್ನು ಸ್ವಲ್ಪ ತಡೆಯುತ್ತೆ. ಎಲ್ಲರೂ ಕೇಳೋದು ಪಪ್ಪಾಯಿ ಬಗ್ಗೆ. ಹಸಿ ಪಪ್ಪಾಯಿಯಲ್ಲಿ ಪಪೈನ್ ಅನ್ನೋ ಕಿಣ್ವ ಇದೆ, ಮಾಂಸದ ಪ್ರೋಟೀನನ್ನು ಕತ್ತರಿಸುತ್ತೆ, ನಿಜ. ಆದರೆ ಅದು ಹಚ್ಚಿದ ಮೇಲ್ಮೈಯಲ್ಲೇ ಕೆಲಸ ಮಾಡೋದು. ಒಂದು ರಾತ್ರಿ ಬಿಟ್ರ ಮೇಲೆ ಹಿಟ್ಟು, ಒಳಗೆ ಮೊದಲಿನ ಹಂಗ ಗಟ್ಟಿ. ತೆಳುವಾದ ಕಬಾಬಿಗೆ ಅದು ಸರಿ. ಪಕ್ಕೆಲುಬಿಗೆ ನಾನಂತೂ ಹಚ್ಚೋದಿಲ್ಲ. ಮೊಸರು ರುಚಿಗೆ ಬೇಕಾದ್ರ ಹಚ್ರಿ, ಮೆತ್ತಗೆ ಮಾಡುವ ಕೆಲಸ ಅದರ ಮೇಲೆ ಹಾಕಬ್ಯಾಡ್ರಿ.

ಬೇಯಿಸುವುದು ಮೊದಲು, ಸುಡುವುದು ಆಮೇಲೆ

ಗದಗ ಸಮುದ್ರ ಮಟ್ಟಕ್ಕಿಂತ ಸುಮಾರು 650 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿ ಹತ್ತಿರವೇ ಕುದಿಯುತ್ತೆ. ಕುಕ್ಕರಿನೊಳಗೆ ಒತ್ತಡ ಇರೋದರಿಂದ ಶಾಖ 120 ಡಿಗ್ರಿವರೆಗೂ ಏರುತ್ತೆ. ಮೂರು ತಾಸಿನ ಕೆಲಸ ಅರ್ಧ ತಾಸಿಗೆ ಬಂದದ್ದು ಹೀಗೆ. ಕಾಲೇಜು ಹುಡುಗರ ರೂಮಿಗೆ, ಗ್ಯಾಸ್ ಉಳಿಸಬೇಕಾದವರಿಗೆ ಕುಕ್ಕರೇ ಸರಿ.

ಆದರೆ ಸೀಟಿ ಎಣಿಸೋದನ್ನ ಬಿಡ್ರಿ. "ಎಷ್ಟು ಸೀಟಿ?" ಅನ್ನೋ ಪ್ರಶ್ನೆಗೆ ಉತ್ತರವೇ ಇಲ್ಲ. ಜೋರು ಉರಿಯಲ್ಲಿ ಐದು ಸೀಟಿ ಆರು ನಿಮಿಷಕ್ಕೆ ಮುಗಿಯಬಹುದು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಹಿಡಿಯಬಹುದು. ಸೀಟಿ ಹೇಳೋದು ಒಳಗೆ ಒತ್ತಡ ಜಾಸ್ತಿ ಆಯ್ತು ಅಂತ ಮಾತ್ರ, ಮಾಂಸ ಬೆಂತು ಅಂತ ಅಲ್ಲ. ಮೊಬೈಲಿನಲ್ಲಿ ಟೈಮರ್ ಇಡ್ರಿ. ಮೊದಲ ಸೀಟಿ ಆದ ತಕ್ಷಣ ಉರಿ ಸಿಮ್‌ಗೆ ಇಳಿಸ್ರಿ. ಅಲ್ಲಿಂದ ಎಳೆಯ ಆಡಿಗೆ 15ರಿಂದ 18 ನಿಮಿಷ, ಬಲಿತ ಕುರಿಗೆ 25 ನಿಮಿಷ.

ನೀರಿನಲ್ಲಿ ಮುಳುಗಿಸಬ್ಯಾಡ್ರಿ. ಕುಕ್ಕರ್ ತಳಕ್ಕೆ ತೂತಿನ ತಟ್ಟೆ ಹಾಕಿ, ಕೆಳಗೆ ಒಂದೂವರೆ ವಾಟಿ ನೀರು, ಹೆಚ್ಚಿದ ಒಂದು ಉಳ್ಳಾಗಡ್ಡಿ, ಜಜ್ಜಿದ ಬಳ್ಳೊಳ್ಳಿ. ಮೇಲೆ ಪಟ್ಟಿಗಳನ್ನು ನಿಲ್ಲಿಸಿದ ಹಂಗ ಜೋಡಿಸ್ರಿ. ಹಬೆಯಲ್ಲಿ ಬೇಯಲಿ. ಮುಳುಗಿಸಿದ್ರ ರುಚಿಯೆಲ್ಲ ನೀರಿಗೆ ಹೋಗ್ತದೆ. ಉರಿ ಆರಿಸಿದ ಮೇಲೆ ಸೀಟಿ ಎತ್ತಿ ಹಬೆ ಬಿಡಬ್ಯಾಡ್ರಿ, ತಾನೇ ಇಳಿಯಲಿ. ಒತ್ತಡ ಒಮ್ಮೆಲೇ ಇಳಿದ್ರ ಮಾಂಸದೊಳಗಿನ ನೀರು ಕುದ್ದು ಹೊರಗೆ ಬರುತ್ತೆ, ಮಾಂಸ ಒಣಗುತ್ತೆ. ತಳದಲ್ಲಿ ಉಳಿದ ನೀರು ಚೆಲ್ಲಿದ್ರ ನಿಮ್ಮ ಸಾಸ್ ಚೆಲ್ಲಿದಂಗ. ಅದನ್ನ ಸೋಸಿ ಇಟ್ಕೋರಿ.

ಹೊತ್ತಿದ್ದವರಿಗೆ ಇನ್ನೊಂದು ದಾರಿ ಇದೆ, ನನಗೆ ಇದೇ ಇಷ್ಟ. ದಪ್ಪ ತಳದ ಬೋಗಾಣಿ, ಅರ್ಧ ವಾಟಿ ನೀರು, ಪಟ್ಟಿಗಳು, ಮೇಲೆ ಮುಚ್ಚಳ. ಮುಚ್ಚಳದ ಸುತ್ತ ಗೋದಿ ಹಿಟ್ಟಿನ ಕಣಕ ಮೆತ್ತಿ ಬಿಗಿ ಮಾಡ್ರಿ. ಜ್ವಾಳದ ಹಿಟ್ಟು ಬ್ಯಾಡ, ಅದಕ್ಕ ಜಿಗುಟಿಲ್ಲ, ಬಿರುಕು ಬಿಡುತ್ತೆ. ಒಲೆಯ ಮೇಲೆ ಹಂಚು, ಹಂಚಿನ ಮೇಲೆ ಬೋಗಾಣಿ, ಅತಿ ಸಣ್ಣ ಉರಿ, ಎರಡೂವರೆಯಿಂದ ಮೂರು ತಾಸು. ಕುಕ್ಕರಿನಲ್ಲಿ ಎರಡು ನಿಮಿಷ ಹೆಚ್ಚಾದರೂ ಮಾಂಸ ಎಲುಬು ಬಿಟ್ಟು ಉದುರಿಬಿಡುತ್ತೆ. ಇಲ್ಲಿ ಕಾಲು ತಾಸು ಹೆಚ್ಚುಕಡಿಮೆ ಆದರೂ ನಡೀತದೆ. ಓಟಿಜಿ ಇದ್ದವರು 140 ಡಿಗ್ರಿಯಲ್ಲಿ, ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಅಷ್ಟೇ ಹೊತ್ತು ಇಡಬಹುದು.

ಬೆಂದಿದೆಯೋ ಇಲ್ಲವೋ ನೋಡೋದು ಸುಲಭ. ಎಲುಬಿನ ತುದಿಯಿಂದ ಮಾಂಸ ಒಂದು ಬೆರಳಿನಗಲ ಹಿಂದೆ ಸರಿದಿರಬೇಕು. ಒಂದು ಎಲುಬು ಹಿಡಿದು ಮೆಲ್ಲಗೆ ತಿರುವಿದ್ರ ಅಲುಗಬೇಕು, ಆದರೆ ಕಳಚಿ ಕೈಗೆ ಬರಬಾರದು. ಕಳಚಿ ಬಂದ್ರ ಹೆಚ್ಚಾಯ್ತು ಅಂತ. ಹಾಳಾಗಿಲ್ಲ, ರೊಟ್ಟಿಗೆ ಸುಕ್ಕಾ ಮಾಡ್ಕೋರಿ, ಕೆಂಡದ ಮೇಲೆ ಮಾತ್ರ ನಿಲ್ಲೋದಿಲ್ಲ.

ಈಗ ಯಾವ ರೀಲೂ ಹೇಳದ ಮಾತು. ಬೆಂದ ತಕ್ಷಣ ಸುಡಬ್ಯಾಡ್ರಿ. ಆರಿದ ಮೇಲೆ ಫ್ರಿಜ್ಜಿನಲ್ಲಿ ಎರಡು ತಾಸು ಇಡ್ರಿ. ಕರಗಿದ ಜೆಲಾಟಿನ್ ತಂಪಿಗೆ ಮತ್ತೆ ಗಟ್ಟಿಯಾಗಿ ಎಳೆಗಳನ್ನು ಅಂಟಿಸಿ ಹಿಡಿಯುತ್ತೆ. ಆಗ ಇಕ್ಕಳದಲ್ಲಿ ಎತ್ತಿದರೂ, ತಿರುವಿ ಹಾಕಿದರೂ ಪಟ್ಟಿ ಮುರಿಯಲ್ಲ. ಬೆಂಕಿಗೆ ಬಂದ ಮೇಲೆ ಒಳಗೆ ಮತ್ತೆ ಕರಗುತ್ತೆ. ಮನೆಗೆ ಮಂದಿ ಕರೆದವರಿಗೆ ಇದರಿಂದ ಇನ್ನೊಂದು ಅನುಕೂಲ: ಬೇಯಿಸೋ ಕೆಲಸ ಹಿಂದಿನ ದಿನವೇ ಮುಗಿದಿರುತ್ತೆ.

ಸಾಸ್ ನಮ್ಮ ಅಡಗಿಮನ್ಯಾಗ ಐತಿ

ಬಾಟಲಿ ಬಾರ್ಬೆಕ್ಯೂ ಸಾಸ್ ಒಳಗೆ ಇರೋದು ಏನು? ಸಿಹಿ, ಹುಳಿ, ಖಾರ, ಬೆಳ್ಳುಳ್ಳಿ, ಹೊಗೆಯ ವಾಸನೆ. ಇದರಲ್ಲಿ ನಮ್ಮಲ್ಲಿ ಇಲ್ಲದ್ದು ಯಾವುದು ಹೇಳ್ರಿ? ಒಂದು ಕಿಲೋ ಪಕ್ಕೆಲುಬಿಗೆ ಎಂಟು-ಹತ್ತು ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಲ್ಲಿ ನೆನೆಸ್ರಿ. ಹತ್ತು ಎಸಳು ಬಳ್ಳೊಳ್ಳಿ, ಒಂದು ಚಮಚ ಹುರಿದ ಜೀರಿಗಿ, ಅರ್ಧ ಚಮಚ ಕಾಳುಮೆಣಸು ಸೇರಿಸಿ ನುಣ್ಣಗೆ ರುಬ್ರಿ. ಬ್ಯಾಡಗಿಯೇ ಯಾಕೆ ಅಂದ್ರ ಅದಕ್ಕೆ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದೂ ಆ ಗುಣಕ್ಕೆ ಹೆಸರಾದದ್ದರಿಂದಲೇ. ಹೆಸರು ಹಾವೇರಿ ಜಿಲ್ಲೆಯ ಊರಿನದ್ದಾದರೂ ಬೆಳೆ ನಮ್ಮ ಗದಗ ಜಿಲ್ಲೆಯ ಹೊಲದಾಗೂ ಐತಿ. ಗುಂಟೂರು ಕಾಯಿ ಇಷ್ಟೇ ಹಾಕಿದ್ರ ಬಾಯಿ ಸುಟ್ಟು ಹೋಗ್ತದೆ, ಬಣ್ಣವೂ ಇಷ್ಟು ಬರಲ್ಲ.

ಈ ಖಾರವನ್ನ ಎರಡು ಚಮಚ ಎಣ್ಣೆಯಲ್ಲಿ ಹಸಿ ವಾಸನೆ ಹೋಗುವವರೆಗೆ ಹುರೀರಿ. ಸಣ್ಣ ನಿಂಬೆಕಾಯಿ ಗಾತ್ರದ ಹುಣಸಿಹಣ್ಣಿನ ರಸ, 60ರಿಂದ 70 ಗ್ರಾಂ ಬೆಲ್ಲ, ಎತ್ತಿಟ್ಟ ಕುಕ್ಕರ್ ನೀರು ಒಂದು ವಾಟಿ ಹಾಕಿ ಕುದಿಸ್ರಿ. ಉಪ್ಪು ಈಗಲೇ ಹಾಕಬ್ಯಾಡ್ರಿ, ಆ ನೀರಲ್ಲೇ ಉಪ್ಪು ಇರುತ್ತೆ. ಚಮಚದ ಹಿಂಬದಿಗೆ ಅಂಟಿ ನಿಲ್ಲುವಷ್ಟು ಗಟ್ಟಿಯಾದರೆ ಸಾಕು. ಬಾಟಲಿ ಸಾಸಿನಲ್ಲಿ ಮಂದ ಬರೋದಕ್ಕೆ ಪಿಷ್ಟ ಹಾಕಿರ್ತಾರೆ. ಇಲ್ಲಿ ಆ ಕೆಲಸ ನಿಮ್ಮ ಎಲುಬಿನ ಜೆಲಾಟಿನ್ನೇ ಮಾಡುತ್ತೆ, ಆ ಮಿರಮಿರ ಹೊಳಪೂ ಅದರದ್ದೇ.

ಕೆಂಡಕ್ಕೆ ಜಾಲಿ ಅಥವಾ ಹುಣಸಿ ಕಟ್ಟಿಗೆಯ ಇದ್ದಲಿ ಚಲೋ, ಬಹಳ ಹೊತ್ತು ನಿಲ್ಲುತ್ತೆ. ಬಣ್ಣ ಹಚ್ಚಿದ ಹಳೆ ಬಾಗಿಲು, ಪ್ಲೈವುಡ್ ಚೂರು ಯಾವತ್ತೂ ಬ್ಯಾಡ. ಇದ್ದಲಿಯ ಮೇಲೆ ಬಿಳಿ ಬೂದಿ ಕಂಡ ಮೇಲಷ್ಟೇ ಮಾಂಸ ಇಡ್ರಿ. ಮೊದಲು ಬರೀ ಎಣ್ಣೆ ಸವರಿ ಎರಡೂ ಬದಿ ಮೂರು ಮೂರು ನಿಮಿಷ, ಕಂದು ಬಣ್ಣ ಬರಲಿ. ಸಾಸ್ ಕೊನೆಗೆ. ಅದರಲ್ಲಿ ಬೆಲ್ಲ ಇದೆ, ಬೆಂಕಿಗೆ ಬೇಗ ಕರಕಲಾಗಿ ಕಹಿಯಾಗುತ್ತೆ. ಹಚ್ಚಿ ಒಂದು ನಿಮಿಷ, ತಿರುವಿ ಹಚ್ಚಿ ಒಂದು ನಿಮಿಷ, ಇನ್ನೊಂದು ಕೈ ಹಚ್ಚಿ ಇಳಿಸಿಬಿಡ್ರಿ.

ಶೇಗಡಿ ಇಲ್ಲದವರು ಹಂಚಿನ ಮೇಲೆ ಇದೇ ಕ್ರಮದಲ್ಲಿ ಮಾಡ್ರಿ. ಹೊಗೆ ಬೇಕಾದ್ರ ಒಂದು ಕೆಂಡವನ್ನು ಸಣ್ಣ ಸ್ಟೀಲ್ ವಾಟಿಯಲ್ಲಿಟ್ಟು ಪಾತ್ರೆಯ ನಡುವೆ ಇಡ್ರಿ, ಅದರ ಮೇಲೆ ನಾಲ್ಕು ಹನಿ ತುಪ್ಪ ಬಿಟ್ಟು ಐದು ನಿಮಿಷ ಮುಚ್ರಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದ್ದಲಿ ಶೇಗಡಿಯನ್ನು ರೂಮಿನೊಳಗೆ ತರಬ್ಯಾಡ್ರಿ. ಡಿಸೆಂಬರ್ ಚಳಿಯಲ್ಲಿ ಮಾಳಿಗಿ ಮೇಲೆ ಊಟ ಮುಗಿಸಿ, ಕೆಂಡ ಇನ್ನೂ ಬೆಚ್ಚಗೈತಿ ಅಂತ ಮಲಗೋ ಕೋಣೆಗೆ ಒಯ್ಯೋ ಆಸೆ ಬರ್ತದೆ. ಆರುತ್ತಿರುವ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾಗಿಲು ಹಾಕಿ ಮಲಗಿದವರಿಗೆ ಎಚ್ಚರವೇ ಆಗಲ್ಲ. ಚಳಿಗಾಲದ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ನೀವೂ ಓದಿರ್ತೀರಿ. ಒಂದು ಕಿಟಕಿ ತೆರೆದದ್ದೂ ಸಾಲದು. ಸುಡೋದು ಮಾಳಿಗಿ ಮ್ಯಾಲೆ ಇಲ್ಲ ಹಿತ್ತಲದಾಗ. ಮುಗಿದ ಮೇಲೆ ಕೆಂಡಕ್ಕೆ ನೀರು ಹಾಕಿ, ಅಲ್ಲೇ ಬಿಟ್ಟು ಬರ್ರಿ.

ಹಿತ್ತಲ ಅಂದಾಗ ನೆನಪಾಯ್ತು. ನಮ್ಮ ಕಡೆ ಬಹಳ ಮನೆಗಳಲ್ಲಿ ಅಡಗಿಮನಿಗೆ ಮಾಂಸ ಬರೋ ಹಂಗಿಲ್ಲ, ಬಂದ್ರೂ ಬ್ಯಾರೆ ಒಲಿ, ಬ್ಯಾರೆ ಬೋಗಾಣಿ. ಬಾಡಿಗೆ ರೂಮಿನವರಿಗೆ ಇದು ದೊಡ್ಡ ತಲೆನೋವು. ಮಾಲೀಕರನ್ನು ಮೊದಲೇ ಕೇಳ್ರಿ, ಶ್ರಾವಣದಾಗ ಅಂತೂ ಕೇಳೋಕೂ ಹೋಗಬ್ಯಾಡ್ರಿ. ಹೊಗೆ ಯಾವ ಗೋಡೆಯನ್ನೂ ಕೇಳೋದಿಲ್ಲ, ಪಕ್ಕದ ಮನಿಯವರ ಒಣಹಾಕಿದ ಅರಿವಿಗೂ ಹತ್ತುತ್ತೆ.

ಬೇಯಿಸಿದ ಮಾಂಸ ಉಳಿದ್ರ, ಏಪ್ರಿಲ್-ಮೇ ಬಿಸಿಲಿನಲ್ಲಿ ರಾತ್ರಿಯಿಡೀ ಹೊರಗೆ ಇಡಬ್ಯಾಡ್ರಿ. ಎರಡು ತಾಸಿನೊಳಗೆ ಫ್ರಿಜ್ಜಿಗೆ ಹೋಗಲಿ, ಮರುದಿನ ಕುದಿಯುವಷ್ಟು ಬಿಸಿ ಮಾಡಿ ತಿನ್ರಿ.

ಮೂರನೇ ಸಲ ಮಾಡಿದ್ದು ಅದೇ ಕಾಕಾನ ಮನಿ ಮಾಳಿಗಿ ಮ್ಯಾಲೆ, ಅದೇ ಶೇಗಡಿ. ಶನಿವಾರ ಸಂಜಿಕ ಉಪ್ಪು ಹಚ್ಚಿ, ರವಿವಾರ ಮಧ್ಯಾಹ್ನ ಬೇಯಿಸಿ, ರಾತ್ರಿ ಸುಟ್ವಿ. ಕೆಂಡದ ಮೇಲೆ ಎಂಟು ನಿಮಿಷ ಅಷ್ಟ. ಎಲುಬು ತಿರುವಿದ್ರ ಮಾಂಸ ಬಿಟ್ಟು ಬರ್ತಿತ್ತು, ಹೊರಗ ಕೆಂಪಗ, ಬೆರಳು ಅಂಟಂಟು. ತಮ್ಮ ರೀಲ್ ಮಾಡ್ಕೊಂಡ. ಕಾಕಾ ಎರಡು ಎಲುಬು ತಿಂದ, ಕೈ ನೆಕ್ಕಿದ, ರೊಟ್ಟಿ ಮುರಕೊಂಡು ಸುತ್ತ ನೋಡಿದ.

"ಚಲೋ ಆಗೇತಿ. ರಸ್ಸಾ ಎಲ್ಲೈತಿ?"

ರಸ್ಸಾ ಇರಲಿಲ್ಲ, ಸಾಸಿಗೆ ಹಾಕಿದ್ವಿ. ಅಜ್ಜಿ ಮತ್ತ ಕೆಳಗ ಹೋದ್ಲು. ಕುಕ್ಕರಿನ್ಯಾಗ ಉಳಿದ ಒಂದು ವಾಟಿ ನೀರಿಗೆ ಖಾರ, ಒಣ ಕೊಬ್ಬರಿ ಹಾಕಿ ಕುದಿಸಿ ತಂದ್ಲು. ಅದಕ್ಕ ನೀವು ಮಾಡುವಾಗ ಕುಕ್ಕರ್ ತಳಕ್ಕೆ ನೀರು ಒಂದೂವರೆ ಅಲ್ಲ, ಎರಡೂವರೆ ವಾಟಿ ಹಾಕ್ರಿ. ಹೆಂಗ ಬಂತು ಅಂತ ವಾಯ್ಸ್ ಮೆಸೇಜ್ ಕಳಸ್ರಿ, ಕೆಟ್ಟಿದ್ದರೂ ಕಳಸ್ರಿ. ಮುಂದಿನ ವಾರ ಸಿಗೂಣು.